ವಾಯಿದೆಯ ಲೆಕ್ಕ ಯಾರ ಖಾತೆಗೆ?

ಬಾರ್ ರೂಮಿನ ಚಹಾದ ಜೊತೆ ಕೇಳಿಬರುವ ಮಾತುಗಳಲ್ಲಿ ಒಂದರ ಮೇಲೆ ನನಗೆ ಬಹಳ ವರ್ಷಗಳಿಂದ ಸಿಟ್ಟಿದೆ. 'ದೇಶಕ್ಕೆ ಹಿಂಜರಿತ ಬಂದರೆ ವಕೀಲರಿಗೆ ಸುಗ್ಗಿ' ಅನ್ನುವ ಮಾತು ಅದು. ವ್ಯಾಪಾರ ಕುಸಿದರೆ ಚೆಕ್ಕುಗಳು ಮರಳಿ ಬರುತ್ತವೆ, ಅಂಗಡಿ ಬಾಡಿಗೆ ಬಾಕಿ ಬೀಳುತ್ತದೆ, ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡ ಪಾಲುದಾರರು ಒಬ್ಬರಿಗೊಬ್ಬರು ನೋಟೀಸು ಕಳಿಸುತ್ತಾರೆ, ಕಂಪನಿಗಳು ಜನರನ್ನು ಮನೆಗೆ ಅಟ್ಟುತ್ತವೆ. ಇವರೆಲ್ಲ ಕೊನೆಗೆ ಕಪ್ಪು ಕೋಟಿನವನ ಮುಂದೆ ಬಂದು ಕೂರಲೇಬೇಕು. ಗಾಳಿ ಬಂದಾಗ ತೂರಿಕೋ ಎಂದು ಬುದ್ಧಿ ಹೇಳುವ ಹಿರಿಯರು ನಮ್ಮ ವೃತ್ತಿಯಲ್ಲಿ ಕಡಿಮೆಯೇನಿಲ್ಲ.

ಮುಂಬಯಿಯ ಕೋರ್ಟುಗಳಲ್ಲಿ ಓಡಾಡಿಕೊಂಡು ಅನ್ನ ಸಂಪಾದಿಸುವ ನಾನು ಈ ಬುದ್ಧಿವಾದವನ್ನು ಒಪ್ಪುವುದಿಲ್ಲ. ಹಿಂಜರಿತದಲ್ಲಿ ವ್ಯಾಜ್ಯ ಹೆಚ್ಚುವುದು ನಿಜ. ಆದರೆ ಆಗ ಬರುವ ಕಕ್ಷಿದಾರನ ಕೈಯಲ್ಲಿ ವ್ಯಾಜ್ಯ ಮಾತ್ರ ಇರುತ್ತದೆ, ದುಡ್ಡು ಇರುವುದಿಲ್ಲ. ಅವನು ನಮಗೆ ಕೊಡುವ ಪ್ರತಿ ಸಾವಿರ ರೂಪಾಯಿಯೂ ಕೆಲಸದ ಹುಡುಗನ ಸಂಬಳದಿಂದಲೋ, ಮಗಳ ಕಾಲೇಜು ಫೀಸಿನಿಂದಲೋ, ಊರಲ್ಲಿ ಅಡವಿಟ್ಟ ಚಿನ್ನದಿಂದಲೋ ಬಂದದ್ದು. ಒಳ್ಳೆಯ ಕಾಲದಲ್ಲಿ ಕೆಟ್ಟ ಸಲಹೆ ಕೊಟ್ಟರೆ ಅವನು ಹೇಗೋ ತಡೆದುಕೊಳ್ಳುತ್ತಾನೆ. ಕೆಟ್ಟ ಕಾಲದಲ್ಲಿ ಅದೇ ಸಲಹೆ ಅಂಗಡಿಯ ಷಟರ್ ಎಳೆಸುತ್ತದೆ.

ನನ್ನ ವಾದ ಇಷ್ಟೇ. ಹಿಂಜರಿತದ ಕಾಲದಲ್ಲಿ ಕಕ್ಷಿದಾರನಿಗೆ ಬೇಕಾದದ್ದು ಫೀಯಲ್ಲಿ ರಿಯಾಯಿತಿಗಿಂತ ಮೊದಲು ಒಂದು ಲೆಕ್ಕದ ಚೀಟಿ. ಖರ್ಚೆಷ್ಟು, ಎಷ್ಟು ಕಾಲ, ಕೊನೆಗೆ ಕೈಗೆ ಬರಬಹುದಾದ್ದು ಎಷ್ಟು ಎಂಬುದನ್ನು ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಬರೆದುಕೊಡದ ವಕೀಲ, ಫೀಯನ್ನು ಅರ್ಧ ಮಾಡಿದರೂ, ಕಕ್ಷಿದಾರನ ಸೇವೆ ಮಾಡುತ್ತಿಲ್ಲ.

'ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ' ಎಂದು ನಮ್ಮ ಊರುಗಳಲ್ಲಿ ಹೇಳುತ್ತಾರೆ. ನಾವು ವಕೀಲರು ಇದನ್ನು ಕೇಳಿ ನಕ್ಕುಬಿಡುತ್ತೇವೆ, ಹಳ್ಳಿಯವರ ಭಯ ಎಂದುಕೊಳ್ಳುತ್ತೇವೆ. ನನಗೆ ಅದು ಭಯವಾಗಿ ಕಾಣಿಸುವುದಿಲ್ಲ, ಜಮಾಖರ್ಚಾಗಿ ಕಾಣಿಸುತ್ತದೆ. ಗೆದ್ದವನ ಖರ್ಚು ಗೆದ್ದದ್ದಕ್ಕಿಂತ ಹೆಚ್ಚಾಯಿತು ಎಂದು ಅನುಭವದಿಂದ ಕಂಡವರು ಕಟ್ಟಿದ ಗಾದೆ ಅದು.

ಚೆಕ್ ಬೌನ್ಸ್ ಪ್ರಕರಣವನ್ನೇ ತೆಗೆದುಕೊಳ್ಳಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಗಡಿಯಾರ ಫಿರ್ಯಾದಿಯ ಪಾಲಿಗೆ ಬಹಳ ಕಟ್ಟುನಿಟ್ಟು. ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸು ಕಳಿಸಬೇಕು. ಅದು ತಲುಪಿದ ಮೇಲೆ ಹಣ ಕೊಡಲು ಎದುರಾಳಿಗೆ 15 ದಿನ. ಆಮೇಲೆ ಒಂದು ತಿಂಗಳೊಳಗೆ ದೂರು. ಕಕ್ಷಿದಾರ ಬೆವರು ಸುರಿಸಿ ಇದನ್ನೆಲ್ಲ ಪಾಲಿಸುತ್ತಾನೆ. ದೂರು ದಾಖಲಾದ ಕೂಡಲೇ ಗಡಿಯಾರ ನಿಂತುಬಿಡುತ್ತದೆ. ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಅದೇ ಕಾಯ್ದೆಯ 143ನೇ ಕಲಮು ಹೇಳುತ್ತದೆ. ವಾಸ್ತವ ಬೇರೆ. ಈ ವಿಳಂಬವನ್ನು ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, 2021ರ ಏಪ್ರಿಲ್‌ನ ಆದೇಶದಲ್ಲಿ, ಒಂದು ಅಂಕಿ ಇದೆ: 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಬೌನ್ಸಿನವು. ಇದು ಕೊರೋನಾಕ್ಕೂ ಮೊದಲಿನ ಲೆಕ್ಕ ಎಂಬುದನ್ನು ನೆನಪಿಡಿ.

ಹೀಗಿರುವಾಗ ಎರಡು ಲಕ್ಷದ ಚೆಕ್ಕು ಹಿಡಿದು ಬಂದವನಿಗೆ 'ಜೈಲಿಗೆ ಹಾಕಿಸೋಣ ಬಿಡಿ' ಎಂದು ಧೈರ್ಯ ಹೇಳುವುದು ಸಲಹೆಯಲ್ಲ, ಜಾಹೀರಾತು. ಅವನಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಚೆಕ್ಕು ಕೊಟ್ಟವನ ಹತ್ತಿರ ಹಣ ಇದೆಯೇ? ಇದ್ದೂ ಕೊಡದವನಿಗೆ 138 ಒಳ್ಳೆಯ ಮದ್ದು. ತನಗೆ ಬರಬೇಕಾದದ್ದು ಬರದೆ ಕೈ ಖಾಲಿಯಾದವನ ಮೇಲೆ ಅದೇ ಮದ್ದು ಪ್ರಯೋಗಿಸಿದರೆ, ಅವನು ತಲೆಮರೆಸಿಕೊಳ್ಳುತ್ತಾನೆ, ವಾರಂಟು ಮೇಲೆ ವಾರಂಟು ಹೊರಡುತ್ತದೆ, ಫಿರ್ಯಾದಿ ಕುರ್ಲಾಕ್ಕೋ ಅಂಧೇರಿಗೋ ವರ್ಷಗಟ್ಟಲೆ ಅಲೆಯುತ್ತಾನೆ. ಕೊಟ್ಟವನು ಕೋಡಂಗಿ ಎನ್ನುವುದು ಸರಿ. ಆದರೆ ಆ ಕೋಡಂಗಿಯನ್ನು ಇನ್ನೂ ನಾಲ್ಕು ವರ್ಷ ಕುಣಿಸುವ ಕೆಲಸ ವಕೀಲನದಲ್ಲ.

ಎದುರು ಪಕ್ಷದ ವಕೀಲನಿಗೂ ಇದೇ ಮಾತು. 2010ರಲ್ಲಿ ದಾಮೋದರ್ ಪ್ರಭು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮೆಟ್ಟಿಲು ಲೆಕ್ಕ ಹಾಕಿಕೊಟ್ಟಿತು. ಮೊದಲ ಅಥವಾ ಎರಡನೇ ವಾಯಿದೆಯಲ್ಲೇ ರಾಜಿಯಾದರೆ ದಂಡವೆಚ್ಚ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ತಡವಾಗಿ ಆದರೆ ಚೆಕ್ಕಿನ ಮೊತ್ತದ ಶೇ. 10, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಾದರೆ ಶೇ. 15, ಸುಪ್ರೀಂ ಕೋರ್ಟಿನವರೆಗೆ ಎಳೆದರೆ ಶೇ. 20. ಈಚೆಗೆ ಈ ಪ್ರಮಾಣಗಳು ಇಳಿದಿವೆ, ತತ್ವ ಬದಲಾಗಿಲ್ಲ: ತಡ ಮಾಡಿದಷ್ಟೂ ದುಬಾರಿ. ಆರೋಪಿಗೆ ಇದನ್ನು ಮೊದಲ ದಿನವೇ ಹೇಳದೆ 'ಎಳೆಯೋಣ, ಅವನೇ ಸುಸ್ತಾಗುತ್ತಾನೆ' ಎನ್ನುವ ವಕೀಲ ಯಾರ ದುಡ್ಡಿನಲ್ಲಿ ಎಳೆಯುತ್ತಿದ್ದಾನೆ?

ಅಲ್ಲಿಗೆ ಮೂಲ ರೋಗಕ್ಕೆ ಬಂದೆವು. ಕೆಳಗಿನ ಕೋರ್ಟುಗಳಲ್ಲಿ ನಮ್ಮ ಸಂಪಾದನೆ ಬಹುಮಟ್ಟಿಗೆ ವಾಯಿದೆಯ ಮೇಲೆ ನಿಂತಿದೆ. ಹಾಜರಾತಿಗೆ ಇಷ್ಟು ಎಂದು ದರ. ಕೇಸು ಉದ್ದವಾದಷ್ಟೂ ನಮಗೆ ಆದಾಯ, ಚಿಕ್ಕದಾದಷ್ಟೂ ಕಕ್ಷಿದಾರನಿಗೆ ಉಳಿತಾಯ. ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆರ್ಡರು ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎನ್ನುತ್ತದೆ. ಮೂರಕ್ಕೆ ನಿಂತ ದಾವೆಯನ್ನು ನೋಡಿದವರು ಕೈ ಎತ್ತಿ. ದೋಷ ನ್ಯಾಯಾಧೀಶರ ಕೊರತೆಯದ್ದೂ ಹೌದು, ಕೋರ್ಟಿನ ಕೋಣೆಗಳ ಕೊರತೆಯದ್ದೂ ಹೌದು. ಆದರೆ ಮುಂದೂಡಿಕೆಯ ಅರ್ಜಿಗಳನ್ನು ಬರೆಯುವ ಕೈ ನಮ್ಮದೇ.

ಕಕ್ಷಿದಾರನ ಹತ್ತಿರ ಹಣವಿದ್ದಾಗ ಈ ವಿರೋಧ ಮುಚ್ಚಿಹೋಗಿರುತ್ತದೆ. ಹಿಂಜರಿತ ಬಂದಾಗ ಬಯಲಾಗುತ್ತದೆ. 2024ರ ಮೇ 14ರಂದು ಸುಪ್ರೀಂ ಕೋರ್ಟು, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಅನೇಕರು ನಿರಾಳವಾಗಿ ಉಸಿರುಬಿಟ್ಟರು. ಆದರೆ ಆ ತೀರ್ಪಿನ ಕಾರಣವನ್ನು ಓದಿದವರು ಎಷ್ಟು ಮಂದಿ? ವಕೀಲ ಕಕ್ಷಿದಾರನ ಸೂಚನೆಯಂತೆ ನಡೆಯಬೇಕಾದವನು, ಅವನ ಕೆಲಸದ ಮೇಲೆ ಕಕ್ಷಿದಾರನಿಗೆ ನೇರ ಹಿಡಿತ ಇದೆ ಎಂಬುದು ಆ ತೀರ್ಪಿನ ಒಂದು ಮುಖ್ಯ ಆಧಾರ. ಕಾಗದದ ಮೇಲೆ ಎಂಥ ಒಳ್ಳೆಯ ಮಾತು! ಮುಂದಿನ ವಾಯಿದೆ ಯಾವತ್ತು, ಯಾತಕ್ಕೆ, ಒಟ್ಟು ಖರ್ಚು ಎಷ್ಟಾದೀತು ಎಂದು ತಿಳಿಯದ ಮನುಷ್ಯನ ಕೈಯಲ್ಲಿ ಯಾವ ಹಿಡಿತ ಇದೆ? ಗ್ರಾಹಕ ಕಾಯ್ದೆಯಿಂದ ನಮಗೆ ವಿನಾಯಿತಿ ಸಿಕ್ಕಿದ್ದು ಕಕ್ಷಿದಾರನ ಹಿಡಿತದ ಹೆಸರಿನಲ್ಲಿ. ಆ ಹಿಡಿತವನ್ನು ಅವನಿಗೆ ಕೊಡದೆ ವಿನಾಯಿತಿಯನ್ನು ಮಾತ್ರ ಜೇಬಿಗೆ ಹಾಕಿಕೊಳ್ಳುವುದು ಅಪ್ರಾಮಾಣಿಕತನ.

2020ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ಹೋಟೆಲುಗಳೆಲ್ಲ ಮುಚ್ಚಿದ್ದವು. ಬಾಡಿಗೆ ಕಟ್ಟಲಾಗದ ನಮ್ಮ ಎಷ್ಟೋ ಹೋಟೆಲಿನವರ ಕೈಯಲ್ಲಿ ಒಂದೇ ಅಚ್ಚಿನ ನೋಟೀಸುಗಳಿದ್ದವು: 'ಫೋರ್ಸ್ ಮೆಜೂರ್, ಆದ್ದರಿಂದ ಬಾಡಿಗೆ ಕೊಡಬೇಕಾಗಿಲ್ಲ'. ನಾನು ನೋಡಿದ ಅಂಥ ಕಡತಗಳಲ್ಲಿ ಹಲವು ಕರಾರುಗಳಲ್ಲಿ ಆ ಷರತ್ತೇ ಇರಲಿಲ್ಲ. ನೋಟೀಸು ಬರೆದವರು ಕರಾರನ್ನು ಓದಿರಲಿಲ್ಲ, ಫೀ ಮಾತ್ರ ಪಡೆದಿದ್ದರು. ಅದೇ ಮೇ 21ರಂದು ದೆಹಲಿ ಹೈಕೋರ್ಟು ಖಾನ್ ಮಾರ್ಕೆಟಿನ ಒಂದು ಅಂಗಡಿಯ ಪ್ರಕರಣದಲ್ಲಿ ಸ್ಪಷ್ಟ ಮಾಡಿತು: ಕರಾರಿನಲ್ಲಿ ಷರತ್ತು ಇಲ್ಲದಿದ್ದರೆ, ಜಾಗ ಖಾಲಿ ಮಾಡದೆ ಕೂತು, ಲಾಕ್‌ಡೌನ್ ಎಂಬ ಒಂದೇ ಕಾರಣಕ್ಕೆ ಬಾಡಿಗೆ ನಿಲ್ಲಿಸುವಂತಿಲ್ಲ, ಕಟ್ಟಲು ಸ್ವಲ್ಪ ಸಮಯ ಸಿಗಬಹುದು, ಅಷ್ಟೇ. ಆ ಹೊತ್ತಿಗೆ ನೋಟೀಸು ಪಡೆದ ಮಾಲೀಕರು ಸಿಟ್ಟಾಗಿ, ಮಾತಿಗೆ ಬಾಗಿಲು ಹಾಕಿ, ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನ ದಾರಿ ಹಿಡಿಯಲು ಅಣಿಯಾಗಿದ್ದರು. ಬಾಡಿಗೆಯನ್ನು ಆರು ತಿಂಗಳು ಅರ್ಧ ಮಾಡಿ, ಉಳಿದದ್ದನ್ನು ಮುಂದಿನ ಎರಡು ವರ್ಷದ ಕಂತಿನಲ್ಲಿ ಕೊಡುವ ಎರಡು ಪುಟದ ಒಪ್ಪಂದ ಮಾಡಿಕೊಂಡವರ ಹೋಟೆಲುಗಳಲ್ಲಿ ಇಡ್ಲಿ ಇವತ್ತೂ ಬೇಯುತ್ತಿದೆ. ಆ ಎರಡು ಪುಟ ಬರೆದ ವಕೀಲನ ಹೆಸರು ಯಾವ ಕಾನೂನು ವರದಿಯಲ್ಲೂ ಅಚ್ಚಾಗುವುದಿಲ್ಲ. ವಕೀಲಿಕೆ ಎಂದರೆ ಅದೇ.

ಸರಿಯಾದ ಬಾಗಿಲನ್ನು ತೋರಿಸುವುದೂ ಸೇವೆಯೇ. ವಸಾಯಿ ಕಡೆಯ ಒಬ್ಬ ಸಣ್ಣ ಪ್ಯಾಕೇಜಿಂಗ್ ಘಟಕದ ಮಾಲೀಕರು, ನಮ್ಮ ಉತ್ತರ ಕರ್ನಾಟಕದವರು, ದೊಡ್ಡ ಕಂಪನಿಯೊಂದರಿಂದ ಬರಬೇಕಾದ ಬಾಕಿಗೆ ಸಿವಿಲ್ ದಾವೆ ಹೂಡಲು ಹೊರಟಿದ್ದರು. ಇನ್ನೊಬ್ಬರು ಅವರಿಗೆ ದಿವಾಳಿ ಕಾಯ್ದೆಯ ಆಸೆ ತೋರಿಸಿದ್ದರು. ದಿವಾಳಿ ಕಾಯ್ದೆಯ ಕನಿಷ್ಠ ಮೊತ್ತ 2020ರ ಮಾರ್ಚ್ 24ರಿಂದ ಒಂದು ಲಕ್ಷದಿಂದ ಒಂದು ಕೋಟಿಗೆ ಏರಿದೆ. ಅವರ ಬಾಕಿ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅವರ ಕೈಯಲ್ಲೇ ಇದ್ದ ಆಯುಧವನ್ನು ಯಾರೂ ತೋರಿಸಿರಲಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಘಟಕದಿಂದ ಸರಕು ಕೊಂಡವನು, ಕರಾರಿನಲ್ಲಿ ಏನೇ ಇರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲಿಗೆ. ಅಲ್ಲಿ ಸೋತ ಖರೀದಿದಾರ ಆ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊತ್ತದ ಶೇ. 75 ಮೊದಲೇ ಕಟ್ಟಬೇಕು. ಸರಕು ಕೊಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿದವರಿಗೆ ಈ ದಾರಿ ಸಲೀಸು. ಈ ದಾರಿಯಲ್ಲಿ ಹಾಜರಾತಿ ಫೀ ಕಡಿಮೆ. ಹಾಗಾಗಿಯೇ ಇದರ ಪ್ರಚಾರವೂ ಕಡಿಮೆ ಎಂಬ ಅನುಮಾನ ನನಗಿದೆ.

ಇಂಥ ಬಾಗಿಲುಗಳು ಇನ್ನೂ ಇವೆ. ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ದಾವೆಗೆ, ತುರ್ತು ಆದೇಶ ಬೇಕಿಲ್ಲದಿದ್ದರೆ, ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತ ಮಾಡಿದೆ. ಇದನ್ನು ನಾವು ಒಂದು ಶಾಸ್ತ್ರದಂತೆ ಮುಗಿಸಿ 'ವಿಫಲ' ಎಂಬ ಚೀಟಿ ತಂದು ದಾವೆ ಹೂಡುತ್ತೇವೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು, ಆ ತೀರ್ಮಾನಕ್ಕೆ ಮೇಲ್ಮನವಿಯೂ ಇಲ್ಲ. ಉಚಿತ ಕಾನೂನು ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಗಂಡ ಕೆಲಸ ಕಳೆದುಕೊಂಡು ಮನೆಯೊಳಗೆ ಜಗಳ ಶುರುವಾದಾಗ ಬರುವ ಹೆಣ್ಣುಮಗಳಿಗೆ ಇದನ್ನು ಹೇಳದೆ ನಮ್ಮ ಫೀಯನ್ನಷ್ಟೇ ಹೇಳುವುದು ಯಾವ ಧರ್ಮ?

ಇನ್ನು ಫೀಯ ವಿಷಯ. ಹಿಂಜರಿತದಲ್ಲಿ ಒಂದು ಹೊಸ ವ್ಯಾಪಾರ ತಲೆ ಎತ್ತುತ್ತದೆ: 'ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಪ್ಪತ್ತು ಪರ್ಸೆಂಟು ಕೊಡಿ.' ಕೇಳಲು ದಯೆಯಂತಿದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಇದನ್ನು ನೇರವಾಗಿ ನಿಷೇಧಿಸುತ್ತದೆ, ನಿಷೇಧಕ್ಕೆ ಅರ್ಥವೂ ಇದೆ: ಪಾಲುದಾರನಾದ ವಕೀಲ ರಾಜಿಯ ಬಗ್ಗೆ ಕಕ್ಷಿದಾರನ ತಲೆಯಿಂದ ಯೋಚಿಸುವುದಿಲ್ಲ, ತನ್ನ ಪಾಲಿನ ತಲೆಯಿಂದ ಯೋಚಿಸುತ್ತಾನೆ. ಕಾನೂನುಬದ್ಧವಾದ ದಾರಿ ಸರಳ. ನೋಟೀಸಿಗೆ ಇಷ್ಟು, ದಾವೆ ಬರೆಯಲು ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು ಎಂದು ಹಂತ ಹಂತವಾಗಿ ಗೊತ್ತುಮಾಡಿ ಬರೆದುಕೊಡುವುದು. ಸುಮ್ಮನೆ ಮುಂದಕ್ಕೆ ಹೋದ ವಾಯಿದೆಗೆ ಫೀ ಇಲ್ಲ. ಹೀಗೆ ಮಾಡಿದ ಮರುದಿನವೇ ಮುಂದೂಡಿಕೆಯ ರುಚಿ ನಮಗೆ ಕಹಿಯಾಗುತ್ತದೆ.

ಫೀ ನಿಂತುಹೋದರೆ? ಕಡತ ಬಚ್ಚಿಟ್ಟುಕೊಳ್ಳುವ ಚಾಳಿ ನಮ್ಮಲ್ಲಿದೆ. 'ಬಾಕಿ ತೀರಿಸಿ, ಕಾಗದ ಒಯ್ಯಿರಿ.' ಇದಕ್ಕೆ ನಮಗೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಫೀ ಬಾಕಿಗೆ ಬೇರೆ ದಾರಿಯಿಂದ ವಸೂಲಿ ಮಾಡಿಕೊಳ್ಳಬಹುದು, ಕಕ್ಷಿದಾರನ ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಕೇಸು ಬಿಡಬೇಕಾದರೂ ಸಾಕಷ್ಟು ಮುಂಚೆ ತಿಳಿಸಬೇಕು, ಮಾಡದ ಕೆಲಸಕ್ಕೆ ಪಡೆದ ಫೀ ವಾಪಸು ಕೊಡಬೇಕು. ಇವು ನನ್ನ ಉಪದೇಶಗಳಲ್ಲ, ಸನ್ನದು ಪಡೆದ ದಿನದಿಂದ ನಮ್ಮನ್ನು ಕಟ್ಟಿಹಾಕಿರುವ ನಿಯಮಗಳು.

'ಹಾಗಾದರೆ ನಾವು ಬದುಕುವುದು ಹೇಗೆ?' ಎಂದು ನನ್ನ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚೇಂಬರಿನ ಬಾಡಿಗೆ, ಗುಮಾಸ್ತನ ಸಂಬಳ, ವಿರಾರ್ ಲೋಕಲಿನ ಪಾಸು ಯಾವುದೂ ಹಿಂಜರಿತ ಬಂತೆಂದು ಅಗ್ಗವಾಗುವುದಿಲ್ಲ. ಇದಕ್ಕೆ ಉತ್ತರ ಕೊಡುವಾಗ ನಾನು ಕಕ್ಷಿದಾರರ ಕಡೆಗೂ, ಎಂದರೆ ಇದನ್ನು ಓದುತ್ತಿರುವ ನಿಮ್ಮ ಕಡೆಗೂ ಬೆರಳು ತೋರಿಸಬೇಕಾಗುತ್ತದೆ. ನಮ್ಮವರು ಸಲಹೆಗೆ ದುಡ್ಡು ಕೊಡುವುದಿಲ್ಲ. ಮದುವೆ ಮನೆಯಲ್ಲಿ ಪಾಯಸದ ಬಟ್ಟಲು ಹಿಡಿದು 'ಒಂದು ಮಾತು ಕೇಳ್ತೀನಿ ವಕೀಲ್ರೇ' ಎನ್ನುತ್ತಾರೆ. ಕರಾರಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿ 'ಸ್ವಲ್ಪ ನೋಡಿ ಹೇಳಿ' ಎನ್ನುತ್ತಾರೆ. 'ದಾವೆ ಹೂಡಬೇಡಿ' ಎಂಬ ಮಾತಿಗೆ ಐದು ಸಾವಿರ ಕೊಡಲು ಒಪ್ಪದವರು ದಾವೆಗೆ ಐವತ್ತು ಸಾವಿರ ಕೊಡುತ್ತಾರೆ. ಹಾಗಿರುವಾಗ ವಕೀಲ ಯಾವುದನ್ನು ಮಾರುತ್ತಾನೆ? ನೀವು ಕೊಳ್ಳುವುದನ್ನೇ. ಕಡತವನ್ನು ಪೂರ್ತಿ ಓದಿ, ಎರಡು ಪುಟದ ಅಭಿಪ್ರಾಯ ಬರೆದು, 'ಇದರಲ್ಲಿ ಹೋರಾಡಿ ಫಲವಿಲ್ಲ' ಎಂದವನಿಗೆ ಪೂರ್ತಿ ಫೀ ಕೊಡಿ. ಅದು ನೀವು ಮಾಡಬಹುದಾದ ಅತ್ಯಂತ ಅಗ್ಗದ ಖರ್ಚು.

ಚೇಂಬರುಗಳು ಮಾಡುವ ಇನ್ನೊಂದು ಉಳಿತಾಯದ ಬಗ್ಗೆ ಕಾನೂನು ಓದುತ್ತಿರುವ ತರುಣರು ಕೇಳಿಸಿಕೊಳ್ಳಬೇಕು. ಆದಾಯ ಕುಗ್ಗಿದರೆ ಮೊದಲು ಕತ್ತರಿ ಬೀಳುವುದು ಜೂನಿಯರನ ಮೇಲೆ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಜೂನಿಯರುಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಮಾತ್ರ. ಮುಂಬಯಿಯಲ್ಲಿ 20,000ಕ್ಕೆ ಒಂದು ಖೋಲಿ ಹಿಡಿದು ಊಟ ಮಾಡುವುದು ಹೇಗೆಂದು ಊರಿಂದ ಬಂದ ಹುಡುಗ ಹುಡುಗಿಯರನ್ನು ಕೇಳಿ. ಜೂನಿಯರನ್ನು ಕಳಿಸಿದ ಸೀನಿಯರು ಒಂದೇ ದಿನ ಮೂರು ಕೋರ್ಟುಗಳಲ್ಲಿ ನಿಲ್ಲಲಾರ. ಓದದ ಕಡತಕ್ಕೆ ವಾಯಿದೆ ಕೇಳುತ್ತಾನೆ. ಉಳಿಸಿದ ಸಂಬಳವನ್ನು ಕಕ್ಷಿದಾರ ತನ್ನ ಕಾಲದಿಂದ ತುಂಬಿಕೊಡುತ್ತಾನೆ.

ನಮ್ಮ ಸಂಘಗಳಿಗೂ ಒಂದು ಮಾತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ವಕೀಲರಾದ ಕನ್ನಡಿಗರನ್ನು ಈ ನಗರ ಕಂಡಿದೆ. ಬೆವರಿನ ದುಡ್ಡಿನ ತೂಕ ಅವರಿಗೆ ಗೊತ್ತಿತ್ತು. ಇವತ್ತು ಮುಂಬಯಿ, ಪುಣೆ, ಹೈದರಾಬಾದಿನ ಕನ್ನಡ ಸಂಘಗಳು ರಕ್ತದಾನ ಮಾಡಿಸುತ್ತವೆ, ಕಣ್ಣಿನ ತಪಾಸಣೆ ಮಾಡಿಸುತ್ತವೆ. ತಿಂಗಳಿಗೊಂದು ಭಾನುವಾರ ಕಾಗದಪತ್ರದ ತಪಾಸಣೆಯನ್ನೂ ಮಾಡಿಸಬಾರದೇಕೆ? ಬಾಡಿಗೆ ಕರಾರು, ಸಾಲದ ಪತ್ರ, ಕೆಲಸದ ನೇಮಕಾತಿ ಪತ್ರ ತಂದು ತೋರಿಸಲಿ. ಕೂರುವ ವಕೀಲರು ಅಲ್ಲಿಂದ ಒಂದು ಕೇಸನ್ನೂ ತಮ್ಮ ಚೇಂಬರಿಗೆ ಒಯ್ಯಬಾರದು ಎಂಬ ಒಂದೇ ಷರತ್ತು ಇರಲಿ. ಕಾಯಿಲೆ ಬರುವ ಮೊದಲು ನೋಡುವುದು ಕಣ್ಣಿಗೆ ಒಳ್ಳೆಯದಾದರೆ ಕರಾರಿಗೂ ಒಳ್ಳೆಯದೇ.

ಅಲ್ಲಿಯವರೆಗೆ, ವಕೀಲನ ಮುಂದೆ ಕೂತಾಗ ಸಹಿ ಹಾಕುವ ಮೊದಲು ಐದು ಪ್ರಶ್ನೆ ಕೇಳಿ. ಈ ಕೇಸು ಹೂಡದೆ ಬಗೆಹರಿಸುವ ದಾರಿ ಇದೆಯೇ? ಹೂಡಿದರೆ ಎಲ್ಲ ಹಂತ ಸೇರಿ ಒಟ್ಟು ಖರ್ಚು ಎಷ್ಟು? ಗೆದ್ದರೆ ಯಾರಿಂದ, ಯಾವ ಆಸ್ತಿಯಿಂದ ವಸೂಲಿ? ರಾಜಿಗೆ ಸರಿಯಾದ ಮೊತ್ತ ಎಷ್ಟು, ಸರಿಯಾದ ಸಮಯ ಯಾವುದು? ನಾನು ನಡುವೆ ಬೇರೆಯವರ ಹತ್ತಿರ ಹೋದರೆ ಕಡತ ಯಾವತ್ತು ಕೈಗೆ ಸಿಗುತ್ತದೆ? ಉತ್ತರಗಳನ್ನು ಬರೆಸಿಕೊಳ್ಳಿ. ನಿಖರ ಅಂಕಿ ಯಾರೂ ಹೇಳಲಾರರು. ಆದರೆ ಪ್ರಾಮಾಣಿಕ ವಕೀಲ ಅಂದಾಜು ಹೇಳುತ್ತಾನೆ, ಅಂದಾಜು ತಪ್ಪಿದಾಗ ಅದನ್ನೂ ಹೇಳುತ್ತಾನೆ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟು ಹಾಕಿಕೊಂಡವನ ಚೇಂಬರಿನಿಂದ ಎದ್ದು ಬನ್ನಿ. ಮುಂಬಯಿಯಲ್ಲಿ ವಕೀಲರಿಗೆ ಬರಗಾಲವಿಲ್ಲ, ಬರಗಾಲವಿರುವುದು ನಿಮ್ಮ ಜೇಬಿನಲ್ಲಿ.